ಅಪ್ಪನಿಗೆ ನಾನು ಕಲಿಸಿದ ಅಮೆರಿಕದ ಪ್ರಚಾರ

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲಿಗ ನಾನು. ಅದೂ ರಾಜ್ಯಶಾಸ್ತ್ರದಲ್ಲಿ. ಅಪ್ಪ ಗೌಂಡಿ, ಮಂದಿಯ ಮನೆ ಕಟ್ಟಿ ನನ್ನನ್ನು ಓದಿಸಿದವನು. ಓದು ಮುಗಿದ ಮೇಲೆ ನನಗೆ ಕೆಲಸ ಸಿಗಲಿಲ್ಲ, ಒಂದು ಹುಚ್ಚು ಸಿಕ್ಕಿತು. ಬಸ್ಸು ಹತ್ತಿ ಕೊಟ್ಟೂರಿನ ಗ್ರಂಥಾಲಯಕ್ಕೆ ಹೋಗಿ, ಅಮೆರಿಕದ ಅಧ್ಯಕ್ಷರ ಚುನಾವಣೆಯ ಸುದ್ದಿ ಓದುವುದು. ಅಲ್ಲಿನ ಯಾವ ರಾಜ್ಯದಲ್ಲಿ ಯಾರು ಮುಂದಿದ್ದಾರೆ, ಯಾರ ಭಾಷಣ ಕೆಟ್ಟಿತು, ಎಲ್ಲ ನನಗೆ ಬಾಯಿಪಾಠ. ನಮ್ಮ ಓಣಿಯ ಮತದಾರರ ಬಗ್ಗೆ ಮಾತ್ರ ಅಷ್ಟು ಅಧ್ಯಯನ ನಡೆದಿರಲಿಲ್ಲ.

ಹೀಗಿರುವಾಗ ಮಂಡಲ ಪಂಚಾಯತಿ ಚುನಾವಣೆ ಬಂತು. ಹಿರಿಯರು ಅಪ್ಪನನ್ನೇ ನಿಲ್ಲಿಸಿದರು. ಯಾರ ಗೋಡೆ ಬಿದ್ದರೂ ಕರೆಯದಿದ್ದರೂ ಹೋಗಿ ಕಟ್ಟಿಕೊಡುವ ಮನುಷ್ಯ. ಸುಮ್ಮನೆ ಕೈಮುಗಿದು ಓಡಾಡಿದ್ದರೂ ಗೆಲ್ಲುತ್ತಿದ್ದ. ಆದರೆ ಪ್ರಚಾರದ ಉಸ್ತುವಾರಿಯನ್ನು ನಾನು ವಹಿಸಿಕೊಂಡೆ.

"ಅಪ್ಪಾ, ಅಮೆರಿಕದಾಗ ಚುನಾವಣೆಗೆ ನಿಂತೋರು ಕೂಸುಗಳನ್ನ ಎತ್ತಿ ಮುದ್ದು ಕೊಡ್ತಾರ. ಫೋಟೋ ನಾನ ನೋಡೀನಿ."

"ಮಂದಿ ಕೂಸನ್ನ ನಾ ಯಾಕ ಎತ್ತಲಿ? ಅತ್ತರ?"

"ನಕ್ಕೋತ ಎತ್ತು. ಚೆಂದ ಐತಿ ಅನ್ನು."

ಒಳಗಿನಿಂದ ಅವ್ವ, "ಬ್ಯಾಡೋ ತಮ್ಮಾ. ಮಂದಿ ಕೂಸಿಗೆ ಚೆಂದ ಅನ್ನಬಾರದು, ದಿಷ್ಟಿ ಆಕ್ಕತಿ" ಎಂದಳು.

ಆಕೆ ರಾಜ್ಯಶಾಸ್ತ್ರ ಓದಿರಲಿಲ್ಲ. ನಾನು ಕ್ಷಮಿಸಿದೆ.

ಅಪ್ಪ ಓದಿದ ಮಗನ ಮಾತು ಕೇಳಿದ. ಸುಣ್ಣ ತಿಂದು ಒರಟಾದ ಕೈಗಳಿಂದ ಮನೆಮನೆಯ ಕೂಸು ಎತ್ತಿದ, ಮುದ್ದಿಟ್ಟ, ಚೆಂದ ಐತಿ ಎಂದ. ತಾಯಂದಿರು ನಗಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ.

ಮರುದಿನ ಅದೇ ಓಣಿಯಲ್ಲಿ ಹೋಗುವಾಗ ಮೂಲೆಮನೆಯ ಗಂಗಮ್ಮ ನಮ್ಮ ಹಿಂದೆಯೇ ಬಂದು, ಅಪ್ಪ ತುಳಿದ ಮಣ್ಣನ್ನು ಬಾಗಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ನನ್ನ ಎದೆ ಉಬ್ಬಿತು.

"ನೋಡಪ್ಪಾ, ನಿನ್ನ ಪಾದದ ಧೂಳು ತಗೊಳ್ಳಾಕತ್ಯಾಳ. ಗೆದ್ದಂಗ!"

ಅಪ್ಪ ತಿರುಗಿ ನೋಡಿ ಅಲ್ಲೇ ನಿಂತ.

"ಅದು ಭಕ್ತಿ ಅಲ್ಲಲೇ. ಆಕಿ ಕೂಸಿಗೆ ಜ್ವರ ಬಂದಿರಬೇಕು. ದಿಷ್ಟಿ ಹಾಕಿದವನ ಕಾಲ ಕೆಳಗಿನ ಮಣ್ಣು, ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕ್ತಾರ."

"ದಿಷ್ಟಿ ಹಾಕಿದವರು ಯಾರು?"

"ನಾನ."

ಕೂಸು ಬೇಗ ಹುಷಾರಾಯಿತು. ಅದೇ ನಮಗೆ ಮುಳುವಾಯಿತು. ಮಣ್ಣು ಕೆಲಸ ಮಾಡಿದ್ದರಿಂದ ದೃಷ್ಟಿ ಅಪ್ಪನದೇ ಎಂದು ರುಜುವಾತಾಯಿತು! ಆಮೇಲೆ ಅಪ್ಪ ಎತ್ತಿದ್ದ ಯಾವ ಕೂಸು ಸೀನಿದರೂ ಯಾರೋ ಒಬ್ಬಳು ಮಣ್ಣಿಗೆ ಬರುತ್ತಿದ್ದಳು. ಪ್ರಚಾರ ಮುಗಿಯುವ ಹೊತ್ತಿಗೆ ಅರ್ಧ ಓಣಿ ಒಲೆ ಸೇರಿತ್ತು.

ಅಪ್ಪ ಸೋತ. ಫಲಿತಾಂಶ ಬಂದ ಸಂಜೆ ಕೇಳಿದ:

"ನಿನ್ನ ಅಮೆರಿಕದಾಗ ಸೋತೋರು ಏನ್ ಮಾಡ್ತಾರಲೇ?"

"ಗೆದ್ದೋರಿಗೆ ಫೋನ್ ಮಾಡಿ, ಒಳ್ಳೇದಾಗಲಿ ಅಂತಾರ."

ನಮ್ಮೂರಲ್ಲಿ ಫೋನ್ ಇರಲಿಲ್ಲ. ಅಪ್ಪ ಎದ್ದು ರುಮಾಲು ಸುತ್ತಿಕೊಂಡು, ಗೆದ್ದ ಬಸಪ್ಪನ ಮನೆಗೆ ನಡೆದ. ನಾನೂ ಹಿಂದೆ ಹೋದೆ. ಬಸಪ್ಪ ಕಟ್ಟೆಯ ಮೇಲೆ ಮೊಮ್ಮಗಳನ್ನು ಆಡಿಸುತ್ತಿದ್ದ. ಆ ಕಟ್ಟೆ ಕಟ್ಟಿದವನು ಅಪ್ಪನೇ.

ನಮ್ಮನ್ನು ಕಂಡದ್ದೇ ಬಸಪ್ಪ ಒಳಗೆ ಮುಖ ಮಾಡಿ, "ಕೂಸನ್ನ ಒಳಗ ಒಯ್ರಿ" ಎಂದ. ಆಮೇಲೆ ಅಪ್ಪನಿಗೆ, "ಬರ್ರಿ, ಕುಂದರ್ರಿ" ಎಂದ.

ಅಪ್ಪ ಕೂರಲಿಲ್ಲ. ನೆಲ ನೋಡುತ್ತಲೇ ಕೈಮುಗಿದು, "ಒಳ್ಳೇದಾಗಲಿ" ಎಂದು ತಿರುಗಿದ.

ದಾರಿಯಲ್ಲಿ, ನನ್ನ ಕಡೆಗೂ ನೋಡದೆ ಅಂದ:

"ಫೋನ್ ಇದ್ದಿದ್ರ ಚಲೋ ಇತ್ತು."