ನಮ್ಮವರು ಯಾರೂ ಇಲ್ಲದ ಊರು

ನಮ್ಮ ಕಡೆ ಯಾರಾದರೂ ಬ್ಯಾಗು ಹಿಡಿದು ಹೊರಟರೆ ಜನ ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಏನು ವಿಶೇಷ, ಅಲ್ಲಿ ಯಾರಿದ್ದಾರೆ. ಮದುವೆ, ಮರಣ, ಆಸ್ಪತ್ರೆ, ದೇವಸ್ಥಾನ, ಇಷ್ಟರಲ್ಲಿ ಒಂದನ್ನು ಹೇಳಿದರೆ ಬಿಟ್ಟುಬಿಡುತ್ತಾರೆ. ಏನೂ ಇಲ್ಲ, ಸುಮ್ಮನೆ ಹೋಗುವುದು ಎಂದಿರೋ, ಅಲ್ಲಿಂದ ನಿಮ್ಮ ಗ್ರಹಚಾರ ಶುರು. ನನ್ನ ಅಕ್ಕನ ಪ್ರವಾಸದ ತಯಾರಿಯಲ್ಲಿ ಇದು ಒಂದಲ್ಲ, ಹಲವು ಸಲ ಆಯಿತು.

ಅಕ್ಕ ನೋಡಿದ ಪಟ್ಟಣಗಳು

ಅಕ್ಕ ಇರುವುದು ಬಂಟ್ವಾಳದಲ್ಲಿ. ನಾನು ಮೂಡುಬಿದಿರೆಯಲ್ಲಿ, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ. ಅವಳಿಗೆ ಮಕ್ಕಳಿಲ್ಲ. ಮಕ್ಕಳಿಲ್ಲದ ಕಾರಣ ಅವಳಿಗೆ ಯಾವಾಗಲೂ ಬಿಡುವುಂಟು ಎಂದು ನಮ್ಮ ಇಡೀ ಕುಟುಂಬ ಯಾವ ಸಭೆಯನ್ನೂ ಕರೆಯದೆ ಸರ್ವಾನುಮತದಿಂದ ತೀರ್ಮಾನಿಸಿತ್ತು. ಯಾರಿಗೆ ಹೆರಿಗೆಯಾದರೂ ಬಾಣಂತನಕ್ಕೆ ಅಕ್ಕ. ಯಾರು ಆಸ್ಪತ್ರೆ ಸೇರಿದರೂ ಮಂಚದ ಪಕ್ಕದಲ್ಲಿ ಅಕ್ಕ.

ಈ ಲೆಕ್ಕದಲ್ಲಿ ಅವಳು ಮುಂಬೈ, ಪುಣೆ, ದಿಲ್ಲಿ ಎಲ್ಲ ಕಂಡು ಬಂದವಳೇ. ಮುಂಬೈ ಹೇಗಿತ್ತು ಎಂದು ಒಮ್ಮೆ ಕೇಳಿದೆ.

"ನಳ್ಳಿಯಲ್ಲಿ ಬೆಳಿಗ್ಗೆ ಮಾತ್ರ ನೀರು ಬರುವುದು," ಎಂದಳು.

"ಪುಣೆ?"

"ಅಡಿಗೆಮನೆಗೆ ಗಾಳಿ ಬರುವುದಿಲ್ಲ."

"ದಿಲ್ಲಿ?"

ಸ್ವಲ್ಪ ಯೋಚಿಸಿದಳು. "ಶುಂಠಿ ಒಳ್ಳೆಯದು ಸಿಗ್ತದೆ," ಎಂದಳು.

ವಿಯೆನ್ನಾದ ಬೆಂಚು

ಒಂದು ದಿನ ಅವಳ ಮನೆಯಲ್ಲಿ ಇಬ್ಬರೂ ಟಿವಿ ನೋಡುತ್ತಿದ್ದೆವು. ವಿಯೆನ್ನಾ ನಗರವನ್ನು ತೋರಿಸುತ್ತಿದ್ದರು. ಅರಮನೆ ಬಂತು, ಹಳೆಯ ಇಗರ್ಜಿ ಬಂತು, ಕುದುರೆಗಾಡಿ ಬಂತು. ಅಕ್ಕ ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ಆಮೇಲೆ ಒಂದು ಉದ್ಯಾನ, ಅದರಲ್ಲೊಂದು ಬೆಂಚು, ಬೆಂಚಿನಲ್ಲಿ ಅಕ್ಕನದೇ ಪ್ರಾಯದ ಒಬ್ಬ ಹೆಂಗಸು ಕಂಡಳು. ಅಕ್ಕನ ಕೈ ನಿಂತಿತು.

"ಅವಳನ್ನು ನೋಡು. ಹಾಡುಹಗಲು ಸುಮ್ಮನೆ ಕೂತಿದ್ದಾಳೆ. ಯಾರೂ ಬಂದು ಏನೂ ಕೇಳುವುದಿಲ್ಲ," ಎಂದಳು. ಆಮೇಲೆ ಮೆಲ್ಲಗೆ, "ನನಗೊಮ್ಮೆ ಆ ಊರಿಗೆ ಹೋಗಬೇಕು," ಎಂದಳು.

ತನಗೆ ಏನಾದರೂ ಬೇಕು ಎಂದು ಅಕ್ಕ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ಇವಳನ್ನು ಅಲ್ಲಿಗೆ ಕರೆದುಕೊಂಡು ಹೋಗದಿದ್ದರೆ ನಾನು ತಂಗಿಯೇ ಅಲ್ಲ ಅನ್ನಿಸಿತು.

"ಒಂದು ವಾರ ಹೋಗಿ ಬರುವ ಅಕ್ಕ, ನಾನೂ ಬರ್ತೇನೆ. ಅಲ್ಲಿ ಮೊದಲು ಏನು ಮಾಡುವ, ಹೇಳು."

"ಮೊದಲು ಕೂತುಕೊಳ್ಳುವ," ಎಂದಳು ಅಕ್ಕ.

ಬಿ.ಸಿ.ರೋಡಿನ ಟ್ರಾವೆಲ್ಸ್

ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಲ್ಲಿ ಟಿಕೆಟು, ವೀಸಾ ಎಲ್ಲ ಮಾಡಿಸಿಕೊಡುವವರೊಬ್ಬರಿದ್ದಾರೆ. ಇಬ್ಬರೂ ಹೋಗಿ ವಿಯೆನ್ನಾ ಎಂದೆವು. ಅವರ ಮುಖ ಗಂಭೀರವಾಯಿತು.

"ಯಾರಿಗೆ ಹುಷಾರಿಲ್ಲ?"

"ಎಲ್ಲರೂ ಹುಷಾರಿದ್ದಾರೆ."

"ಹಾಗಾದರೆ ಮಗ ಅಲ್ಲಿದ್ದಾನಾ?"

"ಅಲ್ಲಿ ಯಾರೂ ಇಲ್ಲ."

"ಏನಾದರೂ ಹರಕೆ ಉಂಟಾ?"

"ಅಲ್ಲ ಮಾರಾಯ್ರೆ, ಸುಮ್ಮನೆ ನೋಡಿ ಬರ್ಲಿಕ್ಕೆ," ಎಂದೆ. ಶಾಲೆಯಲ್ಲಿದ್ದಿದ್ದರೆ ಇಷ್ಟರಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅವರು ಕಂಪ್ಯೂಟರನ್ನು ನೋಡಿದರು, ನಮ್ಮನ್ನು ನೋಡಿದರು.

"ಕಾಶಿಗೆ ಒಂದು ಒಳ್ಳೆ ಪ್ಯಾಕೇಜ್ ಉಂಟು ಟೀಚರೇ. ಅಲ್ಲಿಯೂ ಯಾರೂ ಇರುವುದಿಲ್ಲ."

ಬ್ರೆಡ್ಡು ಮತ್ತು ಮುಸುಂಬಿ

ಟಿಕೆಟು ವಿಚಾರಿಸಿದ ಸುದ್ದಿ ನಮಗಿಂತ ಮೊದಲು ಬಂಟ್ವಾಳ ತಲುಪಿತ್ತು. ಮರುದಿನ ಅಕ್ಕನ ನೆರೆಮನೆಯಾಕೆ ಬ್ರೆಡ್ಡು, ಮುಸುಂಬಿ ಹಿಡಿದುಕೊಂಡು ಬಂದರು. ರೋಗಿಯನ್ನು ನೋಡಲು ಹೋಗುವಾಗ ನಮ್ಮಲ್ಲಿ ಹಿಡಿದುಕೊಂಡು ಹೋಗುವುದೇ ಅವೆರಡನ್ನು. ಬಂದವರು ಅಕ್ಕನ ಕೈ ಹಿಡಿದು ಕೂತರು.

"ಮಂಗಳೂರಿನ ಡಾಕ್ಟರು ಕೈ ಬಿಟ್ಟರಾ ಅಕ್ಕ?"

"ನನಗೆ ಏನೂ ಆಗಲಿಲ್ಲ. ಊರು ನೋಡ್ಲಿಕ್ಕೆ ಹೋಗುವುದು," ಎಂದಳು ಅಕ್ಕ.

ನೆರೆಮನೆಯಾಕೆ ನನ್ನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವರು ಯಾವತ್ತೂ ಹೀಗೆಯೇ. ಯಾರಿಗೂ ಹೇಳುವುದಿಲ್ಲ, ಒಳಗೇ ನುಂಗಿಕೊಳ್ತಾರೆ."

ಅವರು ಹೋದ ಮೇಲೆ ಅಕ್ಕ ಒಮ್ಮೆ ಕನ್ನಡಿ ನೋಡಿಕೊಂಡು ಬಂದಳು.

ಅಣ್ಣನ ಸಂಶೋಧನೆ

ಇಷ್ಟರವರೆಗಿನದ್ದು ನಗುವ ಮಾತಾಯಿತು. ಆಮೇಲೆ ಆದದ್ದಕ್ಕೆ ನಾನು ನಗಲಿಲ್ಲ.

ಬೆಳ್ತಂಗಡಿಯಲ್ಲಿರುವ ನಮ್ಮ ಅಣ್ಣನಿಗೆ ಗುರುತಿನವರಿಲ್ಲದ ಊರು ಊರೇ ಅಲ್ಲ. ತಂಗಿಯರಿಬ್ಬರು ಗೊತ್ತುಗುರಿ ಇಲ್ಲದ ಕಡೆ ಹೋಗುತ್ತಾರಲ್ಲ ಎಂದು ಅವನಿಗೆ ಊಟ ಸೇರಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿ ವಿಚಾರಿಸಿದ. ಸಿಕ್ಕಿಯೇ ಬಿಟ್ಟಳು, ಅತ್ತಿಗೆಯ ಕಡೆಯ ದೂರದ ಸಂಬಂಧದ ಒಬ್ಬಳು ಹುಡುಗಿ. ಶಿರ್ತಾಡಿಯವಳು, ಈಗ ಗಂಡನ ಜೊತೆ ವಿಯೆನ್ನಾದಲ್ಲಿದ್ದಾಳೆ. ಗರ್ಭಿಣಿ. ದಿನ ತುಂಬುವುದು ನಾವು ಹೋಗಬೇಕೆಂದಿದ್ದ ವಾರವೇ.

ಅಣ್ಣ ಗೆದ್ದವನ ಹಾಗೆ ಬಂಟ್ವಾಳಕ್ಕೆ ಬಂದ. ಕೈಯಲ್ಲಿ ಬಾಣಂತಿ ಲೇಹ್ಯ, ಮಗುವಿಗೆ ಹಚ್ಚುವ ಎಣ್ಣೆ, ಮೆತ್ತಗಿನ ಹಳೆ ಪಂಚೆಗಳ ಒಂದು ಕಟ್ಟು.

"ಇನ್ನು ಹೆದರಿಕೆ ಇಲ್ಲ. ನಿಮಗೆ ಉಳಿಯಲಿಕ್ಕೆ ಮನೆಯಾಯಿತು, ಅವರಿಗೆ ಜನ ಆಯಿತು. ಬೇಕಾದರೆ ನಿನ್ನ ಅಕ್ಕ ಮೂರು ತಿಂಗಳು ನಿಂತೇ ಬರಲಿ," ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಅಕ್ಕ ಹೋಗುವುದು ಊರು ನೋಡ್ಲಿಕ್ಕೆ ಅಣ್ಣ."

"ಮಗುವನ್ನೂ ನೋಡಿದ ಹಾಗಾಯಿತಲ್ಲ."

ಅಕ್ಕ ಬೇಡ ಎನ್ನಲಿಲ್ಲ. ಆ ಮಾತು ಅವಳಿಗೆ ಬರುತ್ತಲೇ ಇರಲಿಲ್ಲ. ಪಂಚೆಯ ಕಟ್ಟನ್ನು ಬಿಚ್ಚಿ, ಒಂದೊಂದನ್ನೇ ನೀಟಾಗಿ ಮಡಚಿಟ್ಟಳು. ಆಮೇಲೆ ನನ್ನಲ್ಲಿ, "ವಿಯೆನ್ನಾದಲ್ಲಿ ಬಚ್ಚಲಿಗೆ ಬಿಸಿನೀರು ಬರ್ತದಾ?" ಎಂದು ಕೇಳಿದಳು. ವಿಯೆನ್ನಾವೂ ಅವಳ ಪಾಲಿಗೆ ಒಂದು ನಳ್ಳಿಯಾಗಿ ಮುಗಿಯಿತು ಎಂದು ನನಗೆ ತುಂಬಾ ಸಂಕಟವಾಯಿತು.

ಹುಡುಗಿಯ ಫೋನು

ಎರಡು ದಿನ ಬಿಟ್ಟು ಆ ಹುಡುಗಿಯೇ ಅಕ್ಕನಿಗೆ ಫೋನು ಮಾಡಿದಳು.

"ದೊಡ್ಡಮ್ಮ, ತಪ್ಪು ತಿಳಿಯಬೇಡಿ. ನನ್ನ ಅಮ್ಮನ ಟಿಕೆಟ್ ಆಗಿದೆ. ಅತ್ತೆಯದ್ದೂ ಆಗಿದೆ. ಮೆಂತೆ ಗಂಜಿ ಕೊಡುವುದಾ ಬೇಡವಾ ಅಂತ ಇಬ್ಬರೂ ಅಲ್ಲಿಂದಲೇ ಜಗಳ ಶುರು ಮಾಡಿದ್ದಾರೆ. ಇನ್ನು ನೀವೂ ಬಂದರೆ ನಾನು ಹೆರಿಗೆಯಾದ ಮೇಲೆ ಆಸ್ಪತ್ರೆಯಲ್ಲೇ ಇದ್ದುಬಿಡ್ತೇನೆ. ದಯವಿಟ್ಟು ಬೇಡ ದೊಡ್ಡಮ್ಮ."

ಅಕ್ಕ ಫೋನು ಕೆಳಗಿಟ್ಟಳು.

"ಬೇಸರವಾಯಿತಾ?" ಎಂದೆ.

"ಇಲ್ಲ ಮಾರಾಯ್ತಿ. ಬೇಡ ಅಂತ ಹೇಳ್ಲಿಕ್ಕೂ ಆಗ್ತದೆ ಅಂತ ಇವತ್ತು ಗೊತ್ತಾಯಿತು," ಎಂದಳು.

ಗೊತ್ತಾದದ್ದನ್ನು ಕೂಡಲೇ ಬಳಸಿದಳು. "ನನಗೆ ವಿಯೆನ್ನಾ ಬೇಡ. ಅದೇ ಊರಿಗೆ ಹೋಗಿ ಬಾಣಂತಿಯನ್ನು ನೋಡದೆ ಬರ್ಲಿಕ್ಕಾಗ್ತದಾ? ನೋಡ್ಲಿಕ್ಕೆ ಹೋದರೆ ನನ್ನ ಕೈ ಸುಮ್ಮನಿರ್ತದಾ? ಬೇರೆ ಊರು ಹುಡುಕುವ. ಟಿಕೆಟ್ ಆಗುವವರೆಗೆ ಅಣ್ಣನಿಗೆ ಹೇಳುವುದು ಬೇಡ."

ಪುನಃ ಬಿ.ಸಿ.ರೋಡಿಗೆ ಹೋದೆವು. ಅಕ್ಕ ತಾನೇ ಮುಂದೆ ಹೋಗಿ ಕುರ್ಚಿ ಎಳೆದು ಕೂತಳು. "ನಮ್ಮವರು ಯಾರೂ ಇಲ್ಲದ ಊರು ಬೇಕು," ಎಂದಳು.

ಟ್ರಾವೆಲ್ಸಿನವರು ಬೆವರು ಒರೆಸಿಕೊಂಡರು. ಈ ಕಡೆಯವರೆಲ್ಲ ತಮ್ಮವರಿರುವ ಊರನ್ನೇ ಕೇಳುವುದಂತೆ. ಕೊನೆಗೆ ಪ್ರಾಗ್ ಎಂದರು. ಅದೂ ರಾಜಧಾನಿ, ಹಳೆಯ ಪಟ್ಟಣ, ನದಿ ಉಂಟು, ಕೋಟೆ ಉಂಟು, ಕಲ್ಲಿನ ಸೇತುವೆ ಉಂಟು.

"ಜನ?" ಎಂದಳು ಅಕ್ಕ.

ಅವರು ಅಲ್ಲಿ ಇಲ್ಲಿ ಫೋನು ಮಾಡಿ ವಿಚಾರಿಸಿದರು. "ಪುತ್ತೂರಿನ ಕಡೆಯವನೊಬ್ಬ ಇದ್ದನಂತೆ. ಹೆದರಬೇಡಿ ಅಕ್ಕ, ಕೆಲಸ ಬಿಟ್ಟು ಹೋಗಿದ್ದಾನೆ."

ಗಾಜಿನ ಆಚೆ

ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕಾಯಿತು. ಅಕ್ಕನಿಗೆ ಬಸ್ಸಿನಲ್ಲಿ ನಿದ್ದೆಯೇ ಇಲ್ಲ. ಸುಮ್ಮನೆ ಹೋಗುವುದು ಎಂದರೆ ಸರಕಾರದವರು ಒಪ್ಪುತ್ತಾರಾ ಎಂಬುದೇ ಅವಳ ಚಿಂತೆ. ಪರೀಕ್ಷೆಗೆ ಹೊರಟ ಮಕ್ಕಳಿಗೆ ಹೇಳಿಕೊಡುವ ಹಾಗೆ ದಾರಿಯುದ್ದಕ್ಕೂ ಹೇಳಿಕೊಟ್ಟೆ: ಏನು ಕೆಲಸ ಎಂದು ಕೇಳಿದರೆ ನೋಡ್ಲಿಕ್ಕೆ ಎನ್ನು, ಎಲ್ಲಿ ಉಳಿಯುವುದು ಎಂದರೆ ಹೋಟೆಲಿನ ಹೆಸರು ಹೇಳು.

ಗಾಜಿನ ಆಚೆ ಒಬ್ಬಳು ಚಿಕ್ಕ ಪ್ರಾಯದ ಹುಡುಗಿ ಕೂತಿದ್ದಳು. ನಗುಮುಖದವಳು. ಅಕ್ಕ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಎಷ್ಟು ದಿನ? ಒಂದು ವಾರ. ಯಾರ ಜೊತೆ? ತಂಗಿಯ ಜೊತೆ. ಏನು ಕೆಲಸ? ನೋಡ್ಲಿಕ್ಕೆ. ಹುಡುಗಿ ಕಾಗದಗಳನ್ನು ಜೋಡಿಸುತ್ತಾ, ಅವಳ ಮಟ್ಟಿಗೆ ದಿನಾ ಎಲ್ಲರಲ್ಲೂ ಕೇಳುವ ಕೊನೆಯ ಪ್ರಶ್ನೆ ಕೇಳಿದಳು.

"ಪ್ರಾಗ್‌ನಲ್ಲಿ ನಿಮ್ಮ ಸಂಬಂಧಿಕರು ಯಾರಾದ್ರೂ ಇದಾರಾ ಆಂಟಿ?"

ಅಕ್ಕನ ಮುಖದ ಬಣ್ಣವೇ ಹೋಯಿತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಾಜಿನ ಹತ್ತಿರ ಬಗ್ಗಿ, ಸ್ವರ ತಗ್ಗಿಸಿ ಕೇಳಿದಳು:

"ಯಾಕೆ ಮಗಾ, ಯಾರಾದರೂ ಇದ್ದಾರಾ?"