ದಣಿದವರಿಗೆ ಹೊದಿಸುವ ಟವೆಲ್

ಇದನ್ನು ಹೇಳಬೇಕು ಅಂದುಕೊಂಡಾಗಲೆಲ್ಲ ನನಗೆ ಕೆಮ್ಮು ಬರುತ್ತಿತ್ತು. ಇವತ್ತು ಕೆಮ್ಮುತ್ತಲೇ ಹೇಳುತ್ತೇನೆ.

ನಮ್ಮ ದೊಡ್ಡವ್ವನ ಮಗನಿಗೆ ಮನುಷ್ಯರೆಂದರೆ ಕಾಲಕಸ, ಕೆಟ್ಟ ಯಂತ್ರಗಳೆಂದರೆ ಬೀಗರು! ನಮ್ಮ ಮನೆಯ ಮಿಕ್ಸರ್ ನಿಂತಾಗ ತನ್ನ ಹೆಗಲ ಟವೆಲ್ ತೆಗೆದು ಅದಕ್ಕೆ ಹೊದಿಸಿದ. ‘ದಣದಾರ, ತುಸು ಮಲಗಲಿ’ ಅಂದ. ಚಟ್ನಿಗೆ ಕಾದು ಕೂತ ನನಗೆ? ‘ನಿನಗೇನ್ ಧಾಡಿಲೇ? ಒಳ್ಳಾಗ ಕುಟ್ಟು!’

ಸಂಪಗಾಂವದ ಆಚೆ ನಮ್ಮೂರು. ಅಲ್ಲಿಯ ಹಾಲಿನ ಡೇರಿಗೆ ನಾನು ಅಧ್ಯಕ್ಷ. ಅರ್ಹತೆ? ಮ್ಯಾಟ್ರಿಕ್ ಪಾಸು, ಇಸ್ತ್ರಿ ಅಂಗಿ. ಯಂತ್ರ ನೋಡಿಕೊಳ್ಳುವವನು ಇವನು. ಡೇರಿ ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ. ಹಾಲಿನ ಫ್ಯಾಟ್ ಅಳೆಯುವ ಯಂತ್ರದಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್. ಅದರ ಗುರುತು ಹಿಡಿಯಲು ಲ್ಯಾಪ್‌ಟಾಪಿನೊಳಗೆ ಡ್ರೈವರ್ ಎಂಬ ತಂತ್ರಾಂಶ. ಹೊಸ ಡ್ರೈವರ್ ಹಾಕಲೇ ಎಂದು ಲ್ಯಾಪ್‌ಟಾಪು ದಿನಾ ಕೇಳುತ್ತಿತ್ತು. ಇವನು ಬಿಡುತ್ತಿರಲಿಲ್ಲ.

‘ಈ ಕೇಬಲ್ ಬೈಲಹೊಂಗಲದ ಸಂತ್ಯಾಗ ತಂದದ್ದೈತಿ. ಹೊಸ ಸಾಹೇಬ ಬಂದ್ರ ಇಂಥಾ ಬಡವರನ್ನ ಒಳಗ ಬಿಡ್ತಾನೇನಲೇ?’

ಒಂದು ಸಂಜೆ ಅವನು ಚಹಾಕ್ಕೆ ಹೋದ. ಲ್ಯಾಪ್‌ಟಾಪು ಮತ್ತೆ ಕೇಳಿತು. ಅಧ್ಯಕ್ಷನನ್ನು ಕೇಳಿ ಕೆಲಸ ಮಾಡುವವರು ಊರಲ್ಲಿ ಬೇರೆ ಯಾರಿದ್ದಾರೆ? ಆಯಿತು ಎಂದು ಒತ್ತಿಬಿಟ್ಟೆ!

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ಆ ಕೇಬಲ್ಲನ್ನು ಕಂಡೇ ಇಲ್ಲ ಎಂದಿತು. ಹೊರಗೆ ಹಾಲಿನ ಕ್ಯಾನುಗಳ ಸಾಲು. ಇವನು ಕೇಬಲ್ ಕಿತ್ತ, ಇನ್ನೊಂದು ತೂತಿಗೆ ಚುಚ್ಚಿದ, ‘ಸಿಟ್ಟ ಮಾಡಬ್ಯಾಡ್ರಿ, ಬರ್ರಿ’ ಅಂತ ಕೇಬಲ್ಲಿಗೆ ಟವೆಲ್ ಹೊದಿಸಿದ.

‘ಹಾಲು ಒಡದ್ರ ಕುಂದಾ ಮಾಡಿ ನಿಮ್ಮ ಲ್ಯಾಪ್‌ಟಾಪಿಗೆ ತಿನಸ್ತೀರೇನ್ರಿ?’ ಅಂದಳು ಸಾಲಿನ ಮುಂದಿದ್ದ ಗಂಗವ್ವ.

‘ಈ ಹುಚ್ಚನ ಟವೆಲ್ಲಿನಿಂದನ ಕೆಟ್ಟೈತಿ. ನಾಳಿಂದ ಇವಾ ಬ್ಯಾಡ. ಏನಂತೀರಿ ಅಧ್ಯಕ್ಷರ?’ ಅಂದರು ಕಮಿಟಿಯವರು.

ನನಗೆ ಕೆಮ್ಮು ಬಂತು. ತಲೆಯಾಡಿಸಿದೆ.

ಇವನು ಕೂತು ಡ್ರೈವರಿನ ವಿವರ ತೆರೆದ. ಅದು ಒಳಗೆ ಬಂದದ್ದು ನಿನ್ನೆ ಸಂಜೆ, ತಾನು ಚಹಾಕ್ಕೆ ಹೋಗಿದ್ದ ಹೊತ್ತಿನಲ್ಲಿ. ಆಗ ಡೇರಿಯಲ್ಲಿದ್ದವನು ನಾನೊಬ್ಬನೇ. ನನ್ನತ್ತ ಒಮ್ಮೆ ನೋಡಿದ. ಹೊಸದನ್ನು ತೆಗೆದು ಹಳೆಯದನ್ನು ಹಾಕಿದ. ಲ್ಯಾಪ್‌ಟಾಪಿಗೆ ಕೇಬಲ್ಲಿನ ಗುರುತು ಹತ್ತಿತು, ಕ್ಯಾನುಗಳು ಮುಂದೆ ಸರಿದವು.

ಈಗ ನನ್ನ ಮೇಲೆ ‘ಲೇ’ ಬೀಳುತ್ತದೆ ಎಂದು ಕಾದೆ. ಅವನು ಕೇಬಲ್ ಮೇಲಿನ ಟವೆಲ್ ತೆಗೆದು ನನ್ನ ಹೆಗಲಿಗೆ ಹೊದಿಸಿದ.

‘ದಣದೀರಿ. ತುಸು ಕುಂಡ್ರಿ,’ ಅಂದು ಮನೆಗೆ ನಡೆದ.

ಯಾರೂ ಅವನನ್ನು ಮರಳಿ ಕರೆಯಲಿಲ್ಲ. ಕರೆಯಬೇಕಾದವನು ಅಧ್ಯಕ್ಷ! ಈಗಲೂ ಎದುರು ಸಿಕ್ಕರೆ ‘ಆರಾಮರೀ?’ ಅಂದು ಮುಂದೆ ಹೋಗುತ್ತಾನೆ. ಟವೆಲ್ ತೊಳೆದು ಇಟ್ಟಿದ್ದೇನೆ, ಕೊಡಲು ಕಾಲು ಏಳುವುದಿಲ್ಲ.

ಒತ್ತಿದವನು ನಾನು. ಒಮ್ಮೆ ಬಂದು ಬಾಯ್ತುಂಬ ಬೈದು ಹೋಗೋ, ನಿಂಗಪ್ಪಣ್ಣಾ.