ಶುಕ್ರವಾರದ ಕಾಡು, ಬುಧವಾರದ ಟೆಂಟು

ಕೆಲವು ಆಸೆಗಳು ಅವುಗಳ ವಯಸ್ಸಿನಲ್ಲೇ ತೀರಿಬಿಡಬೇಕು. ತಪ್ಪಿದರೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯ ಹಾಗೆ, ನಾಲಿಗೆ ಸುಮ್ಮನೆ ಅಲ್ಲಿಗೇ ಹೋಗುತ್ತಿರುತ್ತದೆ. ನನ್ನ ಆಸೆ ಟೆಂಟಿನದು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್‌ಗಳು ನಮ್ಮ ಕ್ಲಾಸಿನ ಹುಡುಗಿಯರನ್ನು ಕ್ಯಾಂಪಿಗೆ ಕರೆದೊಯ್ದರು. ನಮ್ಮಪ್ಪ ಪರ್ಮಿಷನ್ ಸ್ಲಿಪ್ಪಿಗೆ ಸಹಿ ಹಾಕಲಿಲ್ಲ. "ಮನಿ ಇದ್ದವ್ರು ಹೊರಗ ಯಾಕ ಮಲಗಬೇಕು?" ಎಂದರು. ಹೋಗಿ ಬಂದ ಗೆಳತಿಯರ ತೋಳಿನ ತುಂಬ ಸೊಳ್ಳೆ ಕಚ್ಚಿದ ಗುಳ್ಳೆಗಳಿದ್ದವು. ಅವನ್ನು ನಾನು ಮೆಡಲುಗಳನ್ನು ನೋಡುವಂತೆ ನೋಡಿದ್ದೆ.

ಆದ್ದರಿಂದ ಈ ಬೇಸಿಗೆಯಲ್ಲಿ ಮಗ, "ಅಮ್ಮಾ, ಎಲ್ಲಾರೂ ಕೂಡಿ ದಾಂಡೇಲಿ ಕಡೆ ನ್ಯಾಷನಲ್ ಪಾರ್ಕಿಗೆ ಹೋಗೂಣು. ಟೆಂಟ್ ತಂದೀನಿ, ಶುಕ್ರವಾರಕ್ಕ ಬುಕ್ಕೂ ಮಾಡೀನಿ" ಎಂದಾಗ ನಾನು ಎಪ್ಪತ್ತೆರಡು ವರ್ಷದ ಡಿಗ್ನಿಟಿಯನ್ನೆಲ್ಲ ಬದಿಗಿಟ್ಟು ಎರಡು ಸಲ ಹೂಂ ಅಂದೆ.

ಆಮೇಲೆ ನಮ್ಮವರು ಪಂಚಾಂಗ ತೆಗೆದರು. ಅವರ ಮನೆತನ ಮುರಗೋಡದ ಕಡೆಯ ಪೌರೋಹಿತ್ಯದ್ದು. ಇವರು ಮಾತ್ರ ಸರ್ವೆ ಖಾತೆಯಲ್ಲಿ ಜಮೀನು ಅಳೆದು ನಿವೃತ್ತರಾದವರು. ಈ ಎರಡೂ ವಿದ್ಯೆ ಒಂದೇ ತಲೆಯಲ್ಲಿ ಕೂಡಿದರೆ ಏನಾಗುತ್ತದೆಂಬುದು ಹೊರಗಿನವರಿಗೆ ತಿಳಿಯದು. "ಶುಕ್ರವಾರ ಪಶ್ಚಿಮಕ್ಕ ಶೂಲಿ ಅದ. ಆ ದಿಕ್ಕಿಗೆ ಹೊರಡೂ ಹಾಂಗಿಲ್ಲ" ಎಂದರು. ಗುರುವಾರವೇ ಹೊರಟು ದಾರಿಯಲ್ಲಿ ಎಲ್ಲಾದರೂ ಉಳಿಯೋಣವೆಂದೆ. ಅವರು ಮೊಬೈಲಿನ ದಿಕ್ಸೂಚಿ ಹಿಡಿದು ನಮ್ಮ ಬೈಲಹೊಂಗಲದ ಅಂಗಳದಲ್ಲಿ ಮೂರು ಸುತ್ತು ತಿರುಗಿ, "ದಾಂಡೇಲಿ ಬರೇ ಪಶ್ಚಿಮ ಅಲ್ಲ, ನೈಋತ್ಯ. ದಕ್ಷಿಣದ್ದೂ ಪಾಲು ಅದ. ದಕ್ಷಿಣಕ್ಕ ಗುರುವಾರ ಶೂಲಿ" ಎಂದು ತೀರ್ಪು ಕೊಟ್ಟರು. "ಅಪ್ಪಾ, ಬುಕಿಂಗ್ ಬದಲಾಗೂದಿಲ್ಲ" ಎಂದು ಮಗ ತಲೆ ಹಿಡಿದುಕೊಂಡ.

ಇಂಥ ಇಕ್ಕಟ್ಟಿಗೆ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ ಎಂದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲು ಒಳ್ಳೆಯ ದಿನ ನೋಡಿ, ಸಾಮಾನಿನಲ್ಲೊಂದನ್ನು ಹೋಗುವ ದಿಕ್ಕಿನ ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಪ್ರಯಾಣ ಅಂದೇ ಶುರುವಾದಂತೆ. ನಮ್ಮ ಸಿಸ್ಟರ್‌ಗಳ ಕನ್‌ಫೆಷನ್ನಿಗಿಂತ ಇದು ಸಲೀಸು. ತಪ್ಪು ಮಾಡುವ ಮೊದಲೇ ಪರಿಹಾರ. ಒಂದೇ ಕಟ್ಟಳೆ: ಇಟ್ಟದ್ದನ್ನು ಮನೆಗೆ ಮರಳಿ ತರುವಂತಿಲ್ಲ, ಹೊರಡುವಾಗ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು.

ಹೀಗೆ ಬುಧವಾರ ಮುಂಜಾನೆ ನಮ್ಮ ಟೆಂಟು ಪಶ್ಚಿಮದ ಮನೆಯ ಗಂಗವ್ವಳ ಪಡಸಾಲೆ ಸೇರಿತು. ಗಂಗವ್ವ ಸಿರಸಂಗಿಯ ಒಕ್ಕಲುತನದ ಮನೆಯ ಮಗಳು. ಯಾವ ವಸ್ತುವನ್ನೂ ಸುಮ್ಮನೆ ಕೂರಲು ಬಿಡುವವಳಲ್ಲ. ಮಧ್ಯಾಹ್ನ ಕಾಂಪೌಂಡಿನ ಮೇಲಿಂದ ಇಣುಕಿದರೆ ಟೆಂಟು ಅವಳ ಹಿತ್ತಲಲ್ಲಿ ಠೀವಿಯಿಂದ ನಿಂತಿದೆ, ಒಳಗೆ ಕೋಲುಗಳ ಮೇಲೆ ಶಾವಿಗೆ ಒಣಗುತ್ತಿದೆ.

"ಗಂಗವ್ವಾ, ಏನಿದು?" ಎಂದೆ.

"ಪರದೆ ಭಾಳ ಛಲೋ ಐತ್ರಿ ಬಾಯಾರ. ನೊಣ ಇಲ್ಲ, ಕಾಗಿ ಇಲ್ಲ, ಗಾಳಿ ಅಷ್ಟ ಬರತೈತಿ. ಮಾಡಿದಾಂವ ಶಾವಿಗೀಗೇ ಅಂತ ಮಾಡ್ಯಾನ ನೋಡ್ರಿ."

ಜಗಳಕ್ಕೆಂದೇ ಹೋದೆ. ಆದರೆ ಆ ನೀಲಿ ಬಾಗಿಲು ಕಂಡೊಡನೆ ಮನಸ್ಸು ಹದಿಮೂರು ವರ್ಷದ್ದಾಯಿತು. ಮಂಡಿಯೂರಿ ಒಳಗೆ ನುಸುಳಿ, ಶಾವಿಗೆಯ ಕೆಳಗೆ ಅಂಗಾತ ಮಲಗಿದೆ. ನೀಲಿ ಬೆಳಕು, ಹಸಿ ಗೋಧಿಯ ವಾಸನೆ. ಲವ್ಲಿ, ಎಂದುಕೊಂಡೆ. ಅಪ್ಪನಿದ್ದಿದ್ದರೆ ಕೈಹಿಡಿದು ಒಳಗೆ ಕರೆಯುತ್ತಿದ್ದೆ. ಆಮೇಲೆ ಏಳಲು ಹೋದೆ. ಮೊಣಕಾಲು ಒಪ್ಪಲಿಲ್ಲ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ಶಾವಿಗೆಯ ಕೋಲೊಂದು ಮೈಮೇಲೆ ಬಿತ್ತು. ಶಾವಿಗೆ ಹೊದ್ದು ಮಲಗಿದ ನನ್ನನ್ನು ಗಂಗವ್ವ ಎರಡೂ ಕಾಲು ಹಿಡಿದು, ಶೇಂಗಾದ ಬಳ್ಳಿ ಕಿತ್ತ ಹಾಗೆ ಹೊರಗೆಳೆದಳು.

"ಅಲ್ರಿ ಬಾಯಾರ, ಅಡವ್ಯಾಗ ನಿಮ್ಮನ್ನ ಯಾರ್ ಎಳೀತಾರ?"

"ಹುಲಿ ಇರ್ತಾವಲ್ಲ" ಎಂದೆ, ಮಾನ ಉಳಿಸಿಕೊಳ್ಳಲು.

"ಹುಲಿ ಎಳದ್ರ ಮನಿ ಕಡೆ ಎಳಿಯೂದಿಲ್ರಿ."

ಅಂಜಿಕೆ ಹೊಕ್ಕಿತು. ಅರವತ್ತು ವರ್ಷ ಕಾದವಳು ಈಗ ಬೇಡವೆಂದು ಯಾವ ಬಾಯಿಂದ ಹೇಳಲಿ? ಸಂಜೆ ನಮ್ಮವರ ಹತ್ತಿರ ಕುಳಿತು, "ಶುಕ್ರವಾರ ಇನ್ನೊಂದ್ಸಲ ನೋಡ್ರಿ. ರಾಹುಕಾಲ, ಗೀಹುಕಾಲ ಏನರೆ ಇದ್ದೀತು" ಎಂದೆ. ಮದುವೆಯಾದಾಗಿನಿಂದ ಪಂಚಾಂಗ ನೋಡಿರೆಂದು ನಾನಾಗಿ ಕೇಳಿದ್ದು ಅದೇ ಮೊದಲು. ಅವರ ಮುಖ ಅರಳಿತು. ಅಷ್ಟೂ ಹಾಳೆ ತಿರುವಿ ಹಾಕಿ, "ನೀ ಏನೂ ಕಾಳಜಿ ಮಾಡಬ್ಯಾಡ. ಪ್ರಸ್ಥಾನ ಇಟ್ಟ ಮ್ಯಾಲೆ ಯಾವ ದೋಷಾನೂ ತಟ್ಟೂದಿಲ್ಲ. ಶಾಸ್ತ್ರದ ಪ್ರಕಾರ ನಾವು ಮುಂಜಾನೇನ ಹೊಂಟಾಗೇದ" ಎಂದರು.

ಹೊರಟವಳು ಹಿಂದಿರುಗುವಂತಿಲ್ಲವಲ್ಲ. ಗುರುವಾರ ಬೆಳಗಾಗುತ್ತಲೇ ಗಂಗವ್ವಳ ಮನೆಗೆ ಹೋಗಿ, ನೀನೂ ನಮ್ಮ ಜೊತೆ ಬಾ ಎಂದು ಬಹಳ ಅಂತಃಕರಣದಿಂದ ಕರೆದೆ. ಅವಳು ಒಣಗಿದ ಶಾವಿಗೆಯನ್ನು ಡಬ್ಬಿಗೆ ತುಂಬುತ್ತ ನನ್ನನ್ನೇ ನೋಡಿದಳು.

"ಬರತೇನ್ರಿ. ಆದ್ರ ನಾ ಒಳಗ ಮಲಗಾಂಗಿಲ್ಲ. ಇಬ್ರೂ ಒಳಗ ಹೋದ್ರ ಎಳ್ಯಾಕ ಯಾರಿರ್ತಾರ?"

ಪಾಪ, ಗಂಗವ್ವ ಎಂದೂ ಕಾಡು ಕಂಡವಳಲ್ಲ, ಅವಳೂ ಬರಲಿ ಎಂದು ಮನೆಯಲ್ಲಿ ಹೇಳಿದ್ದೇನೆ. ನನ್ನದು ಬಹಳ ದೊಡ್ಡ ಮನಸ್ಸೆಂದು ಎಲ್ಲರೂ ಹೊಗಳುತ್ತಿದ್ದಾರೆ. ನಾನೂ ಬೇಡವೆನ್ನುತ್ತಿಲ್ಲ.